ಬಲ ಮೂಲೆಯ ಚುಕ್ಕಿ

ಮಗಳೇ,

ನೀನು ಕಳಿಸಿದ ಏಳೂ ಫೋಟೋಗಳನ್ನು ಕನ್ನಡಕ ಒರೆಸಿಕೊಂಡು ಎರಡೆರಡು ಸಲ ನೋಡಿದೆ. ಅಪ್ಪನ ಅರವತ್ತರ ಶಾಂತಿಗೆ ಶಾಲು, ಪಂಚೆ ಕೊಡುವವರು ಬೇಕಾದಷ್ಟು ಮಂದಿ ಇರುತ್ತಾರೆ. ಅವನು ಜೀವ ಬಿಡುತ್ತಿದ್ದ ಹಳೆಯ ಸಿನಿಮಾಗಳನ್ನೆಲ್ಲ ಒಂದು ಪೆಟ್ಟಿಗೆಗೆ ತುಂಬಿ ಕೊಡೋಣ ಅಂತ ಹೊಳೆದದ್ದು ನಿನಗೊಬ್ಬಳಿಗೆ. ಕೇಳಿಯೇ ಹೊಟ್ಟೆ ತಣ್ಣಗಾಯಿತು. ಆದರೆ ಆ ಡಬ್ಬಗಳ ಮೇಲೆ ಸಿನಿಮಾದ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ಕೆಲವು ಮಾತುಗಳಿವೆಯಲ್ಲ, ‘ಡಿಜಿಟಲ್ ರೀಮಾಸ್ಟರ್ಡ್’, ‘ವೈಡ್ ಸ್ಕ್ರೀನ್’, ‘5.1 ಸರೌಂಡ್’, ‘ಅನ್‌ಕಟ್’, ‘4ಕೆ’ ಅಂತ, ದುಡ್ಡು ಕಟ್ಟುವ ಮೊದಲು ಅವುಗಳ ಬಗ್ಗೆ ಈ ದೊಡ್ಡಪ್ಪನ ಮಾತು ಸ್ವಲ್ಪ ಕೇಳು. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೂವತ್ತು ವರ್ಷ ಮಂಡ್ಯದ ಟಾಕೀಸೊಂದರ ಕ್ಯಾಬಿನ್ನಿನಲ್ಲಿ ಆಪರೇಟರ್ ಆಗಿದ್ದವನು ನಾನು. ನನಗೆ ಸಿನಿಮಾ ಅಂದರೆ ಕಥೆಗಿಂತ ಮೊದಲು ಒಂದು ವಸ್ತು. ಅದಕ್ಕೆ ತೂಕ ಇದೆ, ವಾಸನೆ ಇದೆ, ಅದು ಹರಿಯುತ್ತದೆ, ಸವೆಯುತ್ತದೆ. ಹಾಗಾಗಿ ಡಿಸ್ಕಿನ ಡಬ್ಬ ಕೈಗೆ ಬಂದಾಗಲೂ ನನ್ನ ಕಣ್ಣು ಹುಡುಕುವುದು ಒಂದನ್ನೇ: ಇದು ಯಾವ ರೀಲಿನಿಂದ ಹುಟ್ಟಿತು? ನಿನ್ನ ಏಳು ಫೋಟೋಗಳಲ್ಲಿ ಒಂದರಲ್ಲೂ ಅದಕ್ಕೆ ಉತ್ತರ ಸಿಗಲಿಲ್ಲ.

‘ಡಿಜಿಟಲ್ ರೀಮಾಸ್ಟರ್ಡ್’ ಅನ್ನುವ ಮಾತು ಸುಳ್ಳಲ್ಲ ಕಣಮ್ಮ. ಸುಳ್ಳಾಗಿದ್ದರೆ ಹಿಡಿಯುವುದು ಸುಲಭವಿತ್ತು. ಡಿಸ್ಕ್ ಅಚ್ಚು ಹಾಕಬೇಕಾದರೆ ಒಂದು ಮಾಸ್ಟರ್ ಬೇಕೇ ಬೇಕು. ಹೊಸದಾಗಿ ಒಂದು ಮಾಡಿಕೊಂಡರೆ ಅದು ರೀಮಾಸ್ಟರ್. ಹಳೆಯ ಟೇಪನ್ನು ಕಂಪ್ಯೂಟರಿಗೆ ಏರಿಸಿ, ಬಣ್ಣ ಒಂದಿಷ್ಟು ಗಾಢ ಮಾಡಿ ಇಳಿಸಿದರೂ ಆ ಮಾತು ನಿಜವೇ. ವರ್ಷಗಟ್ಟಲೆ ಕೂತು ಒಂದೊಂದೇ ಫ್ರೇಮು ತೊಳೆದು, ಹರಿದದ್ದನ್ನು ಕೂಡಿಸಿದರೂ ನಿಜವೇ. ತುಪ್ಪದ ಡಬ್ಬದ ಮೇಲೆ ಆಗ್‌ಮಾರ್ಕ್ ಮುದ್ರೆ ಇದ್ದರೆ ಅದರ ಹಿಂದೆ ಒಂದು ಪರೀಕ್ಷೆ ನಡೆದಿರುತ್ತದೆ. ಈ ಮಾತಿನ ಹಿಂದೆ ಅಂಥ ಯಾವ ಪರೀಕ್ಷೆಯೂ ಇಲ್ಲ.

ವಂಶಾವಳಿ ಗೊತ್ತಾದರೆ ಉಳಿದದ್ದೆಲ್ಲ ತಾನೇ ಅರ್ಥವಾಗುತ್ತದೆ. ಶೂಟಿಂಗಿನ ದಿನ ಕ್ಯಾಮೆರಾದೊಳಗೆ ಓಡಿದ ನೆಗೆಟಿವ್ ತಾಯಿ. ಅದರಿಂದ ಇಂಟರ್‌ಪಾಸಿಟಿವ್, ಅದರಿಂದ ಡ್ಯೂಪ್ ನೆಗೆಟಿವ್, ಅದರಿಂದ ನಮ್ಮಂಥ ಟಾಕೀಸುಗಳಿಗೆ ಬರುವ ಪ್ರಿಂಟು. ಒಂದೊಂದು ತಲೆಮಾರು ಇಳಿದ ಹಾಗೆ ಚೂಪು ಕಡಿಮೆಯಾಗುತ್ತದೆ, ಕಪ್ಪು ಬಿಳುಪುಗಳ ನಡುವಿನ ಬೂದು ಛಾಯೆಗಳು ಕಳೆದುಹೋಗುತ್ತವೆ. ನಮ್ಮ ದೇಶದಲ್ಲಂತೂ ಎಷ್ಟೋ ಚಿತ್ರಗಳಿಗೆ ತಾಯಿ ನೆಗೆಟಿವಿನಿಂದಲೇ ನೇರವಾಗಿ ಪ್ರಿಂಟು ತೆಗೆದೂ ತೆಗೆದೂ ನೆಗೆಟಿವೇ ಸವೆದುಹೋಗಿದೆ. ಇನ್ನು ಆ ಪ್ರಿಂಟು ಬೆಂಗಳೂರು, ಮೈಸೂರು ಮುಗಿಸಿ ಮಂಡ್ಯಕ್ಕೆ ಬರುವ ಹೊತ್ತಿಗೆ ತೆರೆಯ ಮೇಲೆ ಸೋನೆ ಮಳೆ ಶುರುವಾಗಿರುತ್ತಿತ್ತು. ಗೆರೆಗಳನ್ನು ನಾವು ಮಳೆ ಅಂತಲೇ ಕರೆಯುತ್ತಿದ್ದೆವು. ಫಿಲಂ ತುಂಡಾದಾಗ ಹರಿದ ಕಡೆ ಕತ್ತರಿಸಿ, ಸಿಮೆಂಟು ಹಚ್ಚಿ ಅಂಟಿಸಬೇಕು. ಪ್ರತಿ ಅಂಟಿಗೂ ಒಂದೆರಡು ಫ್ರೇಮು ಹೋಗುತ್ತದೆ. ನನ್ನ ಈ ಕೈಯಲ್ಲೇ ಎಷ್ಟು ಫ್ರೇಮು ಕಸದ ಬುಟ್ಟಿಗೆ ಹೋಗಿವೆಯೋ ಲೆಕ್ಕವಿಲ್ಲ. ಊರೂರು ಸುತ್ತಿ ಬಂದ ಅಂಥ ಪ್ರಿಂಟನ್ನೇ ಮುಂದೆ ವಿಡಿಯೋ ಟೇಪಿಗೆ ಇಳಿಸಿದರು. ಆ ಟೇಪಿನಿಂದ ವಿಸಿಡಿ ಬಂತು, ಆಮೇಲೆ ಡಿವಿಡಿ ಬಂತು, ಈಗ ಅದೇ ಟೇಪಿನ ಮಕ್ಕಳು ‘4ಕೆ’ ಅಂತ ಹೆಸರಿಟ್ಟುಕೊಂಡು ಬರುತ್ತಿವೆ.

ನಮ್ಮ ದೇಶದ ವಿಸಿಡಿಯಲ್ಲಿ ಚಿತ್ರ ನಿಲ್ಲುವುದು 288 ಗೆರೆಗಳಲ್ಲಿ, ಡಿವಿಡಿಯಲ್ಲಿ 576, ಬ್ಲೂ-ರೇಯಲ್ಲಿ 1080, 4ಕೆ ಡಿಸ್ಕಿನಲ್ಲಿ 2160. ಇವೆಲ್ಲ ಪಾತ್ರೆಯ ಅಳತೆ. 35 ಎಂ.ಎಂ. ನೆಗೆಟಿವನ್ನು ಶ್ರದ್ಧೆಯಿಂದ ಸ್ಕ್ಯಾನ್ ಮಾಡಿದರೆ 4ಕೆ ಪಾತ್ರೆ ತುಂಬುವಷ್ಟು ವಿವರ ಅದರಲ್ಲಿರುತ್ತದೆ. 576 ಗೆರೆಯ ಟೇಪಿನಲ್ಲಿ ಅದು ಇರಲು ಸಾಧ್ಯವೇ ಇಲ್ಲ. ಪಾವು ಅಕ್ಕಿಯನ್ನು ಕೊಳಗಕ್ಕೆ ಸುರಿದ ಮಾತ್ರಕ್ಕೆ ಅದು ಕೊಳಗ ಅಕ್ಕಿಯಾಗುತ್ತದೆಯೇ? ನಡುವಿನ ಗೆರೆಗಳನ್ನು ಯಂತ್ರ ಊಹಿಸಿ ತುಂಬುತ್ತದೆ, ಅಷ್ಟೇ. ಡಬ್ಬದ ಮೇಲೆ ‘4ಕೆ’ ಕಂಡರೆ ಅದು ಪಾತ್ರೆಯ ಮಾತೋ ಅಕ್ಕಿಯ ಮಾತೋ ಅಂತ ಕೇಳು. ‘ಮೂಲ ಕ್ಯಾಮೆರಾ ನೆಗೆಟಿವಿನಿಂದ 4ಕೆ ಸ್ಕ್ಯಾನ್’ ಅಂತ ಬರೆದಿದ್ದರೆ ಅಕ್ಕಿಯ ಮಾತು. ಬರೀ ‘4ಕೆ’ ಅಂತಿದ್ದರೆ ಕೈ ಹಿಂದೆಗೆದುಕೊ.

ಡಬ್ಬ ಬಾಯಿ ಬಿಡದಿದ್ದರೆ ಚಿತ್ರವೇ ಹೇಳುತ್ತದೆ. ಇದು ನಮ್ಮ ಕಸುಬಿನ ಗುಟ್ಟು, ನಿನಗೆ ಕೊಡುತ್ತಿದ್ದೇನೆ. ಒಂದು ಮಷೀನಿನಿಂದ ಇನ್ನೊಂದಕ್ಕೆ ಬದಲಾಯಿಸುವ ಹೊತ್ತನ್ನು ಆಪರೇಟರಿಗೆ ತಿಳಿಸಲು ರೀಲಿನ ಕೊನೆಯಲ್ಲಿ, ತೆರೆಯ ಬಲಗಡೆ ಮೇಲಿನ ಮೂಲೆಯಲ್ಲಿ, ಒಂದು ದುಂಡನೆ ಚುಕ್ಕಿ ಮಿಂಚಿ ಹೋಗುತ್ತದೆ. ಮೊದಲನೆಯದು ಬಂದಾಗ ಎರಡನೆಯ ಮಷೀನಿನ ಮೋಟಾರ್ ಹಾಕಬೇಕು. ಏಳು ಸೆಕೆಂಡಿನಷ್ಟು ಬಿಟ್ಟು ಎರಡನೆಯದು ಬಂದಾಗ ಬೆಳಕನ್ನೂ ಧ್ವನಿಯನ್ನೂ ಅದಕ್ಕೆ ದಾಟಿಸಬೇಕು. ಜನರ ಕಣ್ಣಿಗೆ ಬೀಳುವುದಿಲ್ಲ, ನಮಗೆ ಬೇರೇನೂ ಕಾಣುವುದಿಲ್ಲ! ಈ ಚುಕ್ಕಿ ಸಾಮಾನ್ಯವಾಗಿ ಇರುವುದು ಟಾಕೀಸಿಗೆ ಹೋದ ಪ್ರಿಂಟಿನಲ್ಲಿ. ಹತ್ತು ಹನ್ನೊಂದು ನಿಮಿಷಕ್ಕೋ ಇಪ್ಪತ್ತು ನಿಮಿಷಕ್ಕೋ ಒಮ್ಮೆ ಆ ಮೂಲೆಯ ಮೇಲೆ ಕಣ್ಣಿಡು. ‘ನೆಗೆಟಿವಿನಿಂದ ಪುನರುಜ್ಜೀವನ’ ಅಂತ ಹೇಳಿಕೊಂಡ ಡಿಸ್ಕಿನಲ್ಲಿ ಚುಕ್ಕಿಗಳು ಸಾಲಾಗಿ ಬಂದರೆ, ಅದು ಯಾವುದೋ ಊರಿನ ಟಾಕೀಸಿನ ಪ್ರಿಂಟು ಅಂತ ತಿಳಿ.

ನಿಜವಾಗಿ ಕೆಲಸ ಮಾಡಿದವರು ಏನು ಸಿಕ್ಕಿತು, ಏನು ಸಿಗಲಿಲ್ಲ ಅಂತ ಬಾಯಿ ಬಿಟ್ಟು ಹೇಳುತ್ತಾರೆ. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’, ‘ಅಪರಾಜಿತೊ’, ‘ಅಪುರ್ ಸಂಸಾರ್’ ಚಿತ್ರಗಳ ನೆಗೆಟಿವುಗಳು 1993ರಲ್ಲಿ ಲಂಡನ್ನಿನ ಹೆಂಡರ್‌ಸನ್ಸ್ ಲ್ಯಾಬಿಗೆ ಬಿದ್ದ ಬೆಂಕಿಯಲ್ಲಿ ಸುಟ್ಟವು. ಕರಕಲಾಗಿ ಉಳಿದದ್ದನ್ನು ಇಟಲಿಯ ಬೊಲೊನ್ಯಾದ ಲಿಮ್ಮಾಜಿನೆ ರಿತ್ರೊವಾತಾ ಲ್ಯಾಬಿನವರು ರಾಸಾಯನಿಕದಲ್ಲಿ ಮೆತ್ತಗೆ ಮಾಡಿ, ಕೈಯಿಂದ ಬಿಡಿಸಿ, ಅಂಚಿನ ತೂತುಗಳನ್ನು ಸರಿಮಾಡಿ ಮತ್ತೆ ಸ್ಕ್ಯಾನ್ ಮಾಡಿದರು. 2015ರಲ್ಲಿ ಆ ಮೂರೂ ಚಿತ್ರಗಳನ್ನು ಹೊರತಂದ ಕ್ರೈಟೀರಿಯನ್ ಸಂಸ್ಥೆ ಏನೂ ಮುಚ್ಚಿಡಲಿಲ್ಲ: ಮೊದಲ ಚಿತ್ರದ ನೆಗೆಟಿವಿನಲ್ಲಿ ಬಳಸಲು ಬಂದದ್ದು ಸುಮಾರು ಶೇ. 40, ಎರಡನೆಯದರಲ್ಲಿ ಶೇ. 60ಕ್ಕೂ ಹೆಚ್ಚು, ಉಳಿದದ್ದು ಬೇರೆ ಬೇರೆ ಭಂಡಾರಗಳಲ್ಲಿದ್ದ ಪ್ರತಿಗಳಿಂದ. ನಮ್ಮ ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ಕ್ಕೂ ಅಂಥ ಭಾಗ್ಯ ಬಂತು. ಪುಣೆಯ ಚಲನಚಿತ್ರ ಭಂಡಾರದಲ್ಲಿ ಉಳಿದಿದ್ದ ಮೂಲ ನೆಗೆಟಿವಿನಿಂದ ಅದನ್ನು ಸರಿಮಾಡಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದರು. ಅದನ್ನು ಓದಿದ ದಿನ ನನಗೆ ಸಂತೋಷಕ್ಕೆ ರಾತ್ರಿ ನಿದ್ದೆ ಬರಲಿಲ್ಲ.

ಇನ್ನು ಆಕಾರದ ವಿಷಯ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಯಾಕೆಂದರೆ ನಿನ್ನ ಪಟ್ಟಿಯಲ್ಲಿ ಮೂರು ಡಿಸ್ಕುಗಳಿಗೆ ಈ ರೋಗ ತಗುಲಿದಂತಿದೆ.

1953ರಲ್ಲಿ ಸಿನಿಮಾಸ್ಕೋಪಿನ ಮೊದಲ ಚಿತ್ರ ‘ದಿ ರೋಬ್’ ಬರುವವರೆಗೆ ಜಗತ್ತಿನ ಹೆಚ್ಚುಕಡಿಮೆ ಎಲ್ಲ ಸಿನಿಮಾಗಳೂ ಚೌಕಕ್ಕೆ ಹತ್ತಿರದವು. ಎತ್ತರ ಒಂದು ಅಡಿ ಇದ್ದರೆ ಅಗಲ 1.37 ಅಡಿ. ನಮ್ಮ ‘ಬೇಡರ ಕಣ್ಣಪ್ಪ’ 1954ರದ್ದು, ಅದೂ ಅದೇ ಆಕಾರದ್ದು. ಕನ್ನಡದ ಮೊದಲ ಸಿನಿಮಾಸ್ಕೋಪ್ ಅಂತ ‘ಸೊಸೆ ತಂದ ಸೌಭಾಗ್ಯ’ ಬಂದದ್ದು 1977ರಲ್ಲಿ. ಸ್ಕೋಪಿನ ಅಗಲ ಎತ್ತರದ 2.35 ಪಟ್ಟು. ಹಳೆಯ ಡಬ್ಬಾ ಟಿವಿಗಳ ಕಾಲದಲ್ಲಿ ಆ ಅಗಲದ ಚಿತ್ರವನ್ನು ಚೌಕ ಗಾಜಿಗೆ ತುರುಕಲು ಎರಡೂ ಪಕ್ಕ ಕತ್ತರಿಸಿದರು. ನೂರರಲ್ಲಿ 43 ಪಾಲು ಚಿತ್ರ ಹೋಯಿತು. ಎರಡು ತುದಿಯಲ್ಲಿ ನಿಂತು ಮಾತಾಡುವ ಇಬ್ಬರಲ್ಲಿ ಒಬ್ಬರು ಮಾಯ. ಯಾರದೋ ಮೂಗು, ಯಾರದೋ ಭುಜ. ಅಂಥದ್ದಕ್ಕೆ ಅವರು ಇಟ್ಟ ಹೆಸರು ‘ಫುಲ್ ಸ್ಕ್ರೀನ್’. ತುಂಬಿದ್ದು ಟಿವಿಯ ಗಾಜು, ಖಾಲಿಯಾದದ್ದು ಚಿತ್ರ.

ಈಗ ಟಿವಿಯೇ ಅಗಲವಾಗಿದೆ, ಅದಕ್ಕೆ ಕತ್ತರಿಯೂ ತಿರುಗಿದೆ. ಚೌಕದ ಹಳೆಯ ಚಿತ್ರಗಳ ಮೇಲನ್ನೂ ಕೆಳಗನ್ನೂ ಕತ್ತರಿಸಿ ‘ವೈಡ್ ಸ್ಕ್ರೀನ್’ ಅಂತ ಮಾರುತ್ತಾರೆ. 1.37ರ ಚಿತ್ರವನ್ನು ಇವತ್ತಿನ ಟಿವಿಯ ಆಕಾರಕ್ಕೆ ತಂದರೆ ಎತ್ತರದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಹೋಗುತ್ತದೆ. ರಾಜನ ಕಿರೀಟದ ತುದಿ ಇರುವುದಿಲ್ಲ, ನರ್ತಕಿಯ ಗೆಜ್ಜೆ ಇರುವುದಿಲ್ಲ. ಹೆಸರು ತೋರಿಸುವಾಗಲೇ ಗೊತ್ತಾಗಿಬಿಡುತ್ತದೆ, ಅಕ್ಷರಗಳು ಅಂಚಿಗೆ ಒತ್ತಿಕೊಂಡಿರುತ್ತವೆ. ಈ ಚಾಳಿ ಹೊಸದೇನಲ್ಲ. 1939ರ ‘ಗಾನ್ ವಿತ್ ದ ವಿಂಡ್’ ಚಿತ್ರವನ್ನು 1967ರಲ್ಲಿ 70 ಎಂ.ಎಂ.ಗೆ ಹಿಗ್ಗಿಸಿ ಮರುಬಿಡುಗಡೆ ಮಾಡಿದಾಗಲೂ ತಲೆ, ಕಾಲು ಕತ್ತರಿಸಿಯೇ ಅಗಲ ಮಾಡಿದ್ದರು. ತೆಲುಗಿನ ‘ಮಾಯಾಬಜಾರ್’ 1957ರ ಕಪ್ಪು-ಬಿಳುಪು ಚಿತ್ರ. 2010ರಲ್ಲಿ ಬಣ್ಣ ತುಂಬಿದಾಗ ಆಕಾರವನ್ನೂ ಸ್ಕೋಪಿಗೆ ಬದಲಿಸಿದರು. ಹಾಗಾಗಿ 1953ಕ್ಕಿಂತ ಹಿಂದಿನ ಚಿತ್ರದ ಡಬ್ಬದ ಮೇಲೆ ‘ವೈಡ್ ಸ್ಕ್ರೀನ್’ ಅಂತ ಕಂಡರೆ ಅದನ್ನು ಹೊಗಳಿಕೆ ಅಂತ ಓದಬೇಡ, ಏನೋ ಕತ್ತರಿಸಿದ್ದಾರೆ ಅಂತ ಓದು. ಎರಡು ಪಕ್ಕ ಕಪ್ಪು ಪಟ್ಟಿ ಬಂದರೆ ನಿಮ್ಮಪ್ಪ ಬೇಸರಪಡುವವನಲ್ಲ. ನೀನೂ ರಿಮೋಟಿನಲ್ಲಿ ‘ಝೂಮ್’ ಒತ್ತಬೇಡ.

ಅಮೆರಿಕದಲ್ಲಿ ಜನ ಇದನ್ನು ಕೋರ್ಟಿಗೂ ಒಯ್ದರು. ಅಗಲ ಪರದೆಯ ಡಿವಿಡಿಯಲ್ಲಿ ಪಕ್ಕದ ಚಿತ್ರ ಹೆಚ್ಚು ಕಾಣುತ್ತದೆ ಅಂತ ಎಂಜಿಎಂ ಕಂಪನಿ ಡಬ್ಬದಲ್ಲಿ ತೋರಿಸಿದ್ದು ಕೆಲವು ಚಿತ್ರಗಳ ಮಟ್ಟಿಗೆ ಸರಿಯಲ್ಲ, ಅವುಗಳಲ್ಲಿ ಮೇಲೆ ಕೆಳಗೆ ಮುಚ್ಚಿದ್ದೇ ಹೊರತು ಪಕ್ಕದಲ್ಲಿ ಏನೂ ಹೆಚ್ಚು ಸಿಗುವುದಿಲ್ಲ ಅನ್ನುವುದು ದೂರು. ಕಂಪನಿ ತಪ್ಪು ಒಪ್ಪಲಿಲ್ಲ, ಆದರೆ 2005ರಲ್ಲಿ ರಾಜಿಯಾಗಿ ಡಿಸ್ಕು ಹಿಂತಿರುಗಿಸಿದವರಿಗೆ ಬೇರೆ ಡಿಸ್ಕೋ 7 ಡಾಲರ್ 10 ಸೆಂಟೋ ಕೊಡಲು ಒಪ್ಪಿತು. ಮೊತ್ತ ಸಣ್ಣದು ನಿಜ. ಆದರೆ ಡಬ್ಬದ ಮೇಲಿನ ಒಂದು ಚಿತ್ರಕ್ಕೂ ಲೆಕ್ಕ ಒಪ್ಪಿಸಬೇಕು ಅಂತಾಯಿತಲ್ಲ, ಅದು ನನಗೆ ದೊಡ್ಡದು.

‘ಶೋಲೆ’ ಬಗ್ಗೆ ಕೇಳಿದ್ದೀಯ. ಅದು ನಿಮ್ಮಪ್ಪನಿಗೆ ಬರೀ ಸಿನಿಮಾ ಅಲ್ಲ. ಹುಡುಗನಾಗಿದ್ದಾಗ ಬೆಂಗಳೂರಿನ ಬಸ್ಸಿನಲ್ಲಿ, ಅದರ ಶೂಟಿಂಗ್ ನಡೆದ ರಾಮನಗರದ ಬಂಡೆಗಳು ಕಾಣಿಸಿದ ಕೂಡಲೇ ಕಿಟಕಿಗೆ ಅಂಟಿಕೊಂಡುಬಿಡುತ್ತಿದ್ದ, ಗಬ್ಬರ್ ಇನ್ನೂ ಅಲ್ಲೇ ಇದ್ದಾನೆ ಅನ್ನುವ ಹಾಗೆ. 1975ರ ಆಗಸ್ಟ್ 15ರಂದು ಬಿಡುಗಡೆಯಾದ ಆ ಚಿತ್ರವನ್ನು 35 ಎಂ.ಎಂ.ನಲ್ಲಿ ತೆಗೆದು 70 ಎಂ.ಎಂ.ಗೆ ಹಿಗ್ಗಿಸಿದ್ದರು. ಠಾಕೂರ್ ಕೊನೆಗೆ ಗಬ್ಬರನನ್ನು ಕೊಲ್ಲುವ ಹಾಗೆ ನಿರ್ದೇಶಕ ರಮೇಶ್ ಸಿಪ್ಪಿ ಚಿತ್ರಿಸಿದ್ದರು. ಸೆನ್ಸಾರಿನವರು ಒಪ್ಪದೆ, ಪೊಲೀಸರು ಬಂದು ತಡೆಯುವ ಕೊನೆಯನ್ನು ಸೇರಿಸಬೇಕಾಯಿತು. ಮುಂದೆ ಡಿಸ್ಕಿನಲ್ಲಿ 204 ನಿಮಿಷದ ನಿರ್ದೇಶಕರ ಆವೃತ್ತಿ ಬಂತು, ಮೂಲ ಕೊನೆ ಅದರಲ್ಲಿತ್ತು. ಆದರೆ ಅದು ಟಾಕೀಸಿನ ಅಗಲದ ಆಕಾರದಲ್ಲಿರಲಿಲ್ಲ, 35 ಎಂ.ಎಂ. ಫ್ರೇಮಿನ ಚೌಕದಲ್ಲಿತ್ತು. ಅಗಲ ಪರದೆಯದ್ದು ಬೇಕೆಂದವರಿಗೆ ಸಿಕ್ಕಿದ್ದು ಸೆನ್ಸಾರಾದ ಕೊನೆ. ಎರಡರ ಮೇಲೂ ‘ಶೋಲೆ’ ಅಂತಲೇ ಬರೆದಿತ್ತು. ಯಾವುದು ಬೇಕು ಅನ್ನುವುದು ಕೊಳ್ಳುವವನಿಗೆ ಮೊದಲೇ ಗೊತ್ತಿರಬೇಕಿತ್ತು. 2025ರಲ್ಲಿ ಫಿಲಂ ಹೆರಿಟೇಜ್ ಫೌಂಡೇಶನ್ ಮತ್ತು ಸಿಪ್ಪಿ ಫಿಲಂಸ್ ಸೇರಿ ಪುನರುಜ್ಜೀವನ ಮಾಡಿ ಬೊಲೊನ್ಯಾದಲ್ಲಿ ತೋರಿಸಿದಾಗ ಮೂಲ ಕೊನೆಯೂ ಅಗಲದ ಆಕಾರವೂ ಕೊನೆಗೂ ಒಂದೇ ಕಡೆ ಸೇರಿದವು. ಮೂಲ ನೆಗೆಟಿವ್ ತೀರಾ ಕೆಟ್ಟುಹೋಗಿತ್ತು, ಬೇರೆಡೆ ಉಳಿದಿದ್ದ ಇಂಟರ್‌ಪಾಸಿಟಿವ್ ಮೊದಲಾದವುಗಳಿಂದ ಕೆಲಸ ಮಾಡಿದೆವು ಅಂತ ಅವರೇ ಹೇಳಿದರು. ನಿನ್ನ ಫೋಟೋದಲ್ಲಿರುವ ಡಬ್ಬ ಆ ಕೆಲಸದ್ದಲ್ಲ, ಅದಕ್ಕೆ ಎಷ್ಟೋ ಹಿಂದಿನದು. ಕಾಯುವುದು ಒಳ್ಳೆಯದು.

‘ಪೂರ್ಣ ಚಿತ್ರ’, ‘ಅನ್‌ಕಟ್’ ಅನ್ನುವ ಮಾತಿಗೆ ನನ್ನದೇ ಒಂದು ನೋವಿದೆ. ವಿಸಿಡಿಗಳ ಕಾಲದಲ್ಲಿ, ನಾನು ವಾರಗಟ್ಟಲೆ ಓಡಿಸಿದ್ದ ಒಂದು ಚಿತ್ರವನ್ನು ಅಮ್ಮನಿಗೆ ತೋರಿಸೋಣ ಅಂತ ಅಂಗಡಿಯೊಂದರಿಂದ ತಂದೆ. ಡಬ್ಬದ ಮೇಲೆ ‘ಪೂರ್ಣ ಚಿತ್ರ’ ಅಂತಿತ್ತು. ಒಂದು ವಿಸಿಡಿಯಲ್ಲಿ ಹಿಡಿಯುವುದು 74ರಿಂದ 80 ನಿಮಿಷ. ಮೂರು ಡಿಸ್ಕಿನ ಚಿತ್ರವನ್ನು ಎರಡಕ್ಕೆ ಇಳಿಸಿದ್ದರು. ಅಮ್ಮ ಕಾಯುತ್ತಿದ್ದ ಹಾಡು ಬರಲೇ ಇಲ್ಲ. ‘ನನಗೇ ಮರೆತಿರಬೇಕು ಬಿಡು, ಅದು ಬೇರೆ ಸಿನಿಮಾದ್ದೇನೋ’ ಅಂದಳು. ಅವಳ ನೆನಪು ಸರಿಯಾಗಿತ್ತು ಕಣಮ್ಮ. ಡಬ್ಬದ ಮೇಲಿನ ಮಾತು ಅವಳ ನೆನಪನ್ನೇ ಸುಳ್ಳು ಮಾಡಿತು. ಅಂಗಡಿಯವನು ಬದಲಾಯಿಸಿ ಕೊಡಲಿಲ್ಲ.

ಆವತ್ತಿನಿಂದ ನಾನು ಒಂದು ಲೆಕ್ಕ ಮಾಡುತ್ತೇನೆ. ಚಿತ್ರದ ಆರಂಭದಲ್ಲಿ ಸೆನ್ಸಾರ್ ಪ್ರಮಾಣಪತ್ರ ಬರುತ್ತದಲ್ಲ, ಎಲ್ಲರೂ ಮುಂದೆ ಓಡಿಸುವ ಆ ಹಾಳೆ, ಅಲ್ಲಿ ನಿಲ್ಲಿಸು. ಎಷ್ಟು ರೀಲು, ಎಷ್ಟು ಮೀಟರ್ ಅಂತ ಬರೆದಿರುತ್ತದೆ. 35 ಎಂ.ಎಂ. ಫಿಲಂ ಸೆಕೆಂಡಿಗೆ 24 ಫ್ರೇಮಿನಂತೆ ಓಡಿದರೆ ನಿಮಿಷಕ್ಕೆ 90 ಅಡಿ, ಅಂದರೆ ಸುಮಾರು 27.4 ಮೀಟರ್ ಹೋಗುತ್ತದೆ. ಪತ್ರದಲ್ಲಿ 4,500 ಮೀಟರ್ ಇದ್ದರೆ ಚಿತ್ರ ಸುಮಾರು 164 ನಿಮಿಷ. ಆದರೆ ಡಿಸ್ಕಿನಲ್ಲಿ 157 ನಿಮಿಷ ಕಂಡ ಕೂಡಲೇ ಕತ್ತರಿಸಿದ್ದಾರೆ ಅಂತ ಜಗಳಕ್ಕೆ ಹೋಗಬೇಡ. ನಮ್ಮ ಕಡೆಯ ಪ್ಯಾಲ್ ಪದ್ಧತಿಯ ಡಿವಿಡಿ, ವಿಸಿಡಿಗಳು ಸೆಕೆಂಡಿಗೆ 25 ಫ್ರೇಮು ಓಡಿಸುತ್ತವೆ. ನೂರಕ್ಕೆ ನಾಲ್ಕರಷ್ಟು ವೇಗ ಹೆಚ್ಚಾಗಿ, 164 ನಿಮಿಷ 157 ಆಗುತ್ತದೆ. ಅಲ್ಲಿಯವರೆಗೆ ಸರಿ. 140ಕ್ಕೆ ಇಳಿದಿದ್ದರೆ ಕತ್ತರಿ ಆಡಿದೆ. ಆ ವೇಗದ ಇನ್ನೊಂದು ಪರಿಣಾಮವೂ ಇದೆ: ಧ್ವನಿ ಸರಿಮಾಡದೆ ಹಾಗೇ ಬಿಟ್ಟಿದ್ದರೆ ಶ್ರುತಿ ಅರ್ಧ ಸ್ವರಕ್ಕಿಂತ ಸ್ವಲ್ಪ ಕಡಿಮೆ ಏರಿರುತ್ತದೆ. ಪಿ.ಬಿ. ಶ್ರೀನಿವಾಸರ ಆ ತುಂಬು ಕಂಠ ಕೊಂಚ ತೆಳುವಾಗಿ ಕೇಳಿದರೆ ನಿನ್ನ ಕಿವಿಯ ತಪ್ಪಲ್ಲ.

ಧ್ವನಿಯ ಮಾತು ಬಂತು, ಹೇಳಿಬಿಡುತ್ತೇನೆ. ಆಗಿನ ಕನ್ನಡ ಚಿತ್ರಗಳಿಗೆ ಇದ್ದದ್ದು ಫಿಲಂ ಅಂಚಿನ ಒಂದೇ ಒಂದು ಧ್ವನಿಪಟ್ಟಿ, ಮೊನೊ. 1954ರ ಚಿತ್ರಕ್ಕೆ ‘5.1 ಸರೌಂಡ್’ ಅಂತಿದ್ದರೆ ಉಳಿದ ಐದೂ ದಿಕ್ಕಿನ ಸದ್ದು ನಮ್ಮ ಕಾಲದಲ್ಲಿ ಯಾರೋ ಮಾಡಿ ಸೇರಿಸಿದ್ದು. ಹಿಚ್‌ಕಾಕರ ‘ವರ್ಟಿಗೊ’ವನ್ನು 1996ರಲ್ಲಿ ಬಹಳ ಶ್ರಮಪಟ್ಟು ಪುನರುಜ್ಜೀವನಗೊಳಿಸಿದವರೇ ಹೆಜ್ಜೆ ಸಪ್ಪಳ, ಬಾಗಿಲಿನ ಸದ್ದುಗಳನ್ನು ಹೊಸದಾಗಿ ರೆಕಾರ್ಡ್ ಮಾಡಿ ಸೇರಿಸಿದರು, ಅದನ್ನು ಬಲ್ಲವರು ಇವತ್ತಿಗೂ ಒಪ್ಪುವುದಿಲ್ಲ. ಹೊಸ ಸದ್ದು ಇರಲಿ, ಜೊತೆಗೆ ಮೊನೊ ಕೂಡ ಇರಲಿ. ಮೆನುವಿನಲ್ಲಿ ಅದು ಇದೆಯೇ ಅಂತ ನೋಡು.

ವರ್ಷವನ್ನೂ ನೋಡಬೇಕು. ಚಾಪ್ಲಿನ್ನರ ‘ದಿ ಗೋಲ್ಡ್ ರಷ್’ 1925ರ ಮೂಕಿ ಚಿತ್ರ. 1942ರಲ್ಲಿ ಚಾಪ್ಲಿನ್ ತಾವೇ ಅದನ್ನು ಕತ್ತರಿಸಿ, ಬರಹದ ಫಲಕಗಳನ್ನು ತೆಗೆದು, ತಮ್ಮ ದನಿಯಲ್ಲಿ ಕಥೆ ಹೇಳಿ, ಕೊನೆಯ ಮುತ್ತನ್ನೂ ತೆಗೆದುಹಾಕಿದರು. ಎರಡೂ ಅವರವೇ, ಎರಡೂ ನೋಡತಕ್ಕವೇ. ಡಬ್ಬದ ಮೇಲೆ 1925 ಅಂತ ಬರೆದು ಒಳಗೆ 72 ನಿಮಿಷದ 1942ರದ್ದನ್ನು ಇಟ್ಟರೆ ಮಾತ್ರ ತಕರಾರು. ‘ಮೆಟ್ರೊಪೊಲಿಸ್’ 1927ರದ್ದು, 2008ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ 16 ಎಂ.ಎಂ. ಪ್ರತಿಯೊಂದು ಸಿಕ್ಕಿ, ಕಳೆದುಹೋಗಿದ್ದ ಬಹುಭಾಗ ಮರಳಿತು. 2010ರಲ್ಲಿ ಅಮೆರಿಕದಲ್ಲಿ ಅದು ‘ಸಂಪೂರ್ಣ’ ಅನ್ನುವ ಹೆಸರಿನಲ್ಲೇ ಬಂತು. ಒಂದೆರಡು ಸಣ್ಣ ದೃಶ್ಯಗಳು ಆಗಲೂ ಸಿಕ್ಕಿರಲಿಲ್ಲ. ಅಲ್ಲಿ ಏನಿತ್ತು ಅಂತ ಚಿತ್ರದೊಳಗೇ ಬರಹದಲ್ಲಿ ತಿಳಿಸಿದ್ದಾರೆ, ಅದು ಮರ್ಯಾದೆ. ಹೆಸರು ಮಾತ್ರ ಒಂದು ಹೆಜ್ಜೆ ಮುಂದೆ ಹೋಗಿದೆ.

ಇನ್ನೊಂದು ರೋಗ ಕಣ್ಣಿಗೆ ಚಂದ ಕಾಣುತ್ತದೆ, ಅದಕ್ಕೇ ಹೆಚ್ಚು ಹುಷಾರಾಗಿರಬೇಕು. ಫಿಲಂ ಮೇಲಿನ ಚಿತ್ರ ಹುಟ್ಟುವುದು ಬೆಳ್ಳಿಯ ಕಣಗಳಿಂದ. ದೊಡ್ಡದು ಮಾಡಿದಾಗ ಆ ಕಣ ಸಣ್ಣ ರವೆಯ ಹಾಗೆ ಮಿಡಿಯುತ್ತದೆ. ಅದನ್ನು ಕೊಳೆ ಅಂತ ತಿಳಿದು ಯಂತ್ರದಲ್ಲಿ ಉಜ್ಜಿ ‘ಸ್ಫಟಿಕದಷ್ಟು ಸ್ವಚ್ಛ’ ಅಂತ ಮಾರುತ್ತಾರೆ. ಕಣದ ಜೊತೆ ಮುಖದ ಸುಕ್ಕು, ಬೆವರು, ಬಟ್ಟೆಯ ನೆಯ್ಗೆ ಎಲ್ಲ ಹೋಗಿ ನಟರು ಮೇಣದ ಬೊಂಬೆಗಳಾಗುತ್ತಾರೆ. 1960ರ ‘ಸ್ಪಾರ್ಟಕಸ್’ ಚಿತ್ರದ 50ನೇ ವರ್ಷಕ್ಕೆ 2010ರಲ್ಲಿ ಬಂದ ಬ್ಲೂ-ರೇಗೆ ಹೀಗಾಯಿತು. 1991ರಲ್ಲಿ ಆ ಚಿತ್ರವನ್ನು ಪುನರುಜ್ಜೀವನಗೊಳಿಸಿದ್ದ ರಾಬರ್ಟ್ ಹ್ಯಾರಿಸ್ ಅವರೇ ಅದನ್ನು ಬಹಿರಂಗವಾಗಿ ಟೀಕಿಸಿದರು, 2015ರಲ್ಲಿ ಹೊಸದಾಗಿ ಕೆಲಸ ಮಾಡಿ ಬೇರೆ ಡಿಸ್ಕ್ ತಂದರು. ವಯಸ್ಸಾದ ಪಾತ್ರದ ಮುಖ ಹತ್ತಿರದಿಂದ ಬಂದಾಗ ನಿಲ್ಲಿಸಿ ನೋಡು. ಹಣೆಯಲ್ಲಿ ಗೆರೆ ಇಲ್ಲದಿದ್ದರೆ ಡಬ್ಬದ ಹೊಗಳಿಕೆ ನಂಬಬೇಡ.

ಬಣ್ಣ ತುಂಬಿದ ಚಿತ್ರಗಳ ಬಗ್ಗೆ ನಿನಗೂ ನನಗೂ ಜಗಳ ಬರಬಹುದು. ‘ಮೊಘಲ್-ಎ-ಆಜಂ’ಗೆ 2004ರಲ್ಲಿ, ನಮ್ಮ 1965ರ ‘ಸತ್ಯ ಹರಿಶ್ಚಂದ್ರ’ಕ್ಕೆ 2008ರಲ್ಲಿ, ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ ಬಣ್ಣ ಬಂತು. ಜನ ಮತ್ತೆ ಟಾಕೀಸಿಗೆ ಬಂದರು, ನಾನೂ ಕಣ್ತುಂಬ ನೋಡಿದೆ, ರಾಜಕುಮಾರರನ್ನು ಹೊಸ ಮಕ್ಕಳು ನೋಡಿದರು. ಬೇಡ ಅನ್ನಲಾರೆ. ಆದರೆ ಅದಕ್ಕೆ ‘ಪುನರುಜ್ಜೀವನ’ ಅಂತ ಹೆಸರಿಡಬಾರದು, ಯಾಕೆಂದರೆ ಇಲ್ಲದ್ದನ್ನು ಸೇರಿಸುವುದು ಕಳೆದದ್ದನ್ನು ಮರಳಿ ತರುವುದಲ್ಲ. ಸ್ಮಶಾನದಲ್ಲಿ ಹರಿಶ್ಚಂದ್ರ ನಿಂತಾಗ ಮುಖದ ಮೇಲೆ ಎಷ್ಟು ಬೆಳಕು, ಎಷ್ಟು ಕತ್ತಲು ಅಂತ ಛಾಯಾಗ್ರಾಹಕ ಅಳೆದದ್ದು ಕಪ್ಪು-ಬಿಳುಪಿಗೆ. ಬಣ್ಣದ್ದು ಕೊಳ್ಳುವುದಾದರೆ ಕಪ್ಪು-ಬಿಳುಪಿನದ್ದನ್ನೂ ಹುಡುಕಿ ಪಕ್ಕದಲ್ಲಿಡು. ಅದು ಅಂಗಡಿಗಳಿಂದ ಮಾಯವಾಗುವುದೇ ನನ್ನ ಭಯ.

ಮೂರು ಚಿತ್ರ ಒಂದೇ ಡಿವಿಡಿಯಲ್ಲಿ ಅಂತ ಒಂದಿದೆಯಲ್ಲ, ಅದನ್ನು ಬಿಟ್ಟುಬಿಡು. ಒಂದು ಪದರದ ಡಿವಿಡಿಗೆ ಹಿಡಿಯುವುದು 4.7 ಜಿಬಿ, ಮೂರು ಮೂರು ಗಂಟೆಯ ಮೂವರನ್ನು ಒಂದೇ ಚಾಪೆಯಲ್ಲಿ ಮಲಗಿಸಿದ ಹಾಗೆ.

ಕೊಂಡ ಮೇಲೆ ಮೋಸವಾದರೆ ಸುಮ್ಮನಿರಬೇಡ. ಬಿಲ್ಲು ಇಟ್ಟುಕೊ, ಡಬ್ಬದ ಫೋಟೋ ಹೇಗೂ ತೆಗೆದಿದ್ದೀಯ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕೇಳು. ನನ್ನ ಕಾಲಕ್ಕೆ ಇದು ಗೊತ್ತಿರಲಿಲ್ಲ, ಗೊತ್ತಿದ್ದರೆ ಅಮ್ಮನ ಆ ಹಾಡಿಗೋಸ್ಕರ ಬೆಂಗಳೂರಿನ ತನಕ ಹೋಗುತ್ತಿದ್ದೆ.

ನಿನ್ನ ಏಳರಲ್ಲಿ ಎರಡನ್ನು ಕಣ್ಣು ಮುಚ್ಚಿ ತೆಗೆದುಕೊ, ಅವು ಯಾವುವು ಅಂತ ಫೋಟೋದ ಮೇಲೆ ಗುರುತು ಹಾಕಿ ವಾಪಸು ಕಳಿಸಿದ್ದೇನೆ. ಮೂರನ್ನು ಬಿಡು. ಉಳಿದೆರಡರ ಡಿಸ್ಕು ನಿನ್ನ ಗೆಳತಿಯ ಮನೆಯಲ್ಲಿದೆ ಅಂದೆಯಲ್ಲ, ಭಾನುವಾರ ತೆಗೆದುಕೊಂಡು ಬಾ. ಹೆಸರು ತೋರಿಸುವ ಭಾಗ, ಸೆನ್ಸಾರ್ ಪತ್ರ, ಮೊದಲ ರೀಲಿನ ಕೊನೆ, ಇಷ್ಟು ನೋಡಿದರೆ ಸಾಕು, ಅರ್ಧ ಗಂಟೆಯ ಕೆಲಸ.

‘ಬೇಡರ ಕಣ್ಣಪ್ಪ’ ಮಾತ್ರ ಹೇಗಿದ್ದರೂ ಇರಲಿ. ಅದರಲ್ಲಿ ಮಳೆ ಸುರಿಯುತ್ತದೆ, ಅಂಟುಗಳಲ್ಲಿ ಮಾತು ತುಂಡಾಗುತ್ತದೆ, ಚುಕ್ಕಿಗಳೂ ಇದ್ದೇ ಇರುತ್ತವೆ. ಆ ಚಿತ್ರ ನಮ್ಮಲ್ಲಿಗೆ ಮತ್ತೆ ಬಂದಾಗ ನಿಮ್ಮಪ್ಪನಿಗೆ ಹತ್ತು ವರ್ಷ. ಶಾಲೆ ಬಿಟ್ಟ ಕೂಡಲೇ ಕ್ಯಾಬಿನ್ನಿಗೆ ಬಂದು, ಸಣ್ಣ ಕಿಂಡಿ ಎಟುಕಲೆಂದು ಸ್ಟೂಲಿನ ಮೇಲೆ ನಿಲ್ಲುತ್ತಿದ್ದ. ಕಾರ್ಬನ್ ಕಡ್ಡಿಯ ಬೆಳಕು ಸರಿಮಾಡುತ್ತ ನಾನು ಎರಡನೆಯ ಮಷೀನಿನ ಹತ್ತಿರ ಇರುತ್ತಿದ್ದೆ. ಚುಕ್ಕಿ ಕಂಡಕೂಡಲೇ ‘ಬಂತಣ್ಣಾ!’ ಅಂತ ಕೂಗುವುದು ಅವನ ಕೆಲಸ. ಒಂದು ಸಲವೂ ತಪ್ಪಲಿಲ್ಲ. ಅರವತ್ತರ ರಾತ್ರಿ ಊಟ ಆದ ಮೇಲೆ ಆ ಡಿಸ್ಕು ಹಾಕು, ದೀಪ ಆರಿಸು, ಏನೂ ಹೇಳಬೇಡ. ಬಲ ಮೂಲೆಯಲ್ಲಿ ಚುಕ್ಕಿ ಮಿಂಚುವ ಹೊತ್ತಿಗೆ ಟಿವಿ ನೋಡಬೇಡ, ಅವನನ್ನು ನೋಡು.

ನಿನ್ನ ದೊಡ್ಡಪ್ಪ